ಮುಂಗಡ ಶ್ರದ್ಧಾಂಜಲಿ

ದಿನಾಂಕ ಹಾಕದಿದ್ದರೆ ಆ ಹಾಳು ಸಾಫ್ಟ್‌ವೇರ್ ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಆದ ರಾದ್ಧಾಂತಕ್ಕೆಲ್ಲ ಮೂಲ ಅದೇ. ಬರಹ ಸಿದ್ಧವಾಯಿತೋ, ಹಾಗಾದರೆ ಇದನ್ನು ಯಾವತ್ತು ಲೋಕಕ್ಕೆ ಬಿಡಬೇಕು ಹೇಳು, ಆಮೇಲೆ ಇಟ್ಟುಕೊಳ್ಳುತ್ತೇನೆ ಎಂದು ಅದು ಹಠ ಹಿಡಿಯುತ್ತಿತ್ತು. ಪೀಠಿಕೆ ಅದಕ್ಕೊಂದು ದಿನಾಂಕ ಕೊಟ್ಟ. ಮುಂದಿನ ತಿಂಗಳಿನದು, ಅಷ್ಟರೊಳಗೆ ಬದಲಾಯಿಸಿದರಾಯಿತು ಎಂದುಕೊಂಡು ಕೊಟ್ಟ. ಕೊಟ್ಟವನು ಮರೆತ. ಮುಂದಿನ ತಿಂಗಳು ಮಾತ್ರ ಮರೆಯದೆ ಬಂತು.

ಪೀಠಿಕೆ ಎಂಬುದು ಅವನ ಹೆಸರಲ್ಲ. ನೇರವಾಗಿ ಒಂದು ಮಾತು ಆಡಲು ಬಾರದ ಅವನಿಗೆ ಆಫೀಸಿನವರು ಅಂಟಿಸಿದ ಬಿರುದು. ಮನೆಯವರಿಗೂ ಅದೇ ಸರಿಹೋಯಿತು. ಅವನು ಕೆಲಸ ಮಾಡುತ್ತಿದ್ದುದು ವ್ಯಾಪಾರಸ್ಥರಿಗೆ ಬರಹ ಒದಗಿಸುವ ಒಂದು ಸಣ್ಣ ಕಂಪನಿಯಲ್ಲಿ. ನಮ್ಮ ಹಾಸಿಗೆ ಕೊಳ್ಳಿ ಎಂದು ನೇರವಾಗಿ ಕೂಗುವ ಕಾಲ ಈಗಿಲ್ಲವಂತೆ. ನಿದ್ದೆಯ ಮಹತ್ವದ ಬಗ್ಗೆ ಮನಮುಟ್ಟುವ ಲೇಖನ ಬರೆಯಬೇಕು, ಓದುಗ ಪಾಪ ಏನೋ ತಿಳಿದುಕೊಂಡೆ ಎಂದು ಖುಷಿಪಡಬೇಕು, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವನಿಗೇ ಗೊತ್ತಿಲ್ಲದೆ ಹಾಸಿಗೆ ಅಂಗಡಿಯ ಮುಂದೆ ನಿಂತಿರಬೇಕು. ಇದಕ್ಕೆ ಕಂಟೆಂಟ್ ಮಾರ್ಕೆಟಿಂಗ್ ಎಂದು ಹೆಸರು. ಹಿಂದೆ ಇದನ್ನೇ ಮಾತಲ್ಲಿ ಮರುಳು ಮಾಡುವುದು ಅನ್ನುತ್ತಿದ್ದರು, ಸಂಬಳ ಕೊಡುತ್ತಿರಲಿಲ್ಲ.

ಈ ವಿದ್ಯೆಗೆ ಆ ಕಂಪನಿಯ ಯಜಮಾನ ಮಾಡಿಟ್ಟ ಸೂತ್ರಗಳು ಗೋಡೆ ತುಂಬ ಇದ್ದವು. ಅದಕ್ಕೇ ಅವನು ಸೂತ್ರಣ್ಣ. ಮೊದಲ ಸಾಲಿನಲ್ಲಿ ಪ್ರಶ್ನೆ ಎಸೆಯಿರಿ. ಹೆಸರು ಹೇಳಬೇಡಿ, ಓದುಗ ತನ್ನವರನ್ನೇ ನೆನೆದುಕೊಳ್ಳಲಿ. ಕೊನೆಯ ಸಾಲಿನಲ್ಲಿ ಕೊಳ್ಳಲು ಕರೆಯಿರಿ. ಬಿಟ್ಟ ಬರಹವನ್ನು ಎಂದೂ ಅಳಿಸಬೇಡಿ. ಎಲ್ಲಕ್ಕಿಂತ ದೊಡ್ಡ ಸೂತ್ರವೆಂದರೆ ಎಲ್ಲವನ್ನೂ ಮುಂಚೆಯೇ ಬರೆದಿಡಿ ಎಂಬುದು. ಆ ಸೂತ್ರದ ಪ್ರಕಾರವೇ, ಅವರ ಅತಿ ದೊಡ್ಡ ಗಿರಾಕಿಯಾದ ಕೊಡೆ ಕಂಪನಿಯ ಹಿರಿಯರು, ಊರಿಗೆಲ್ಲ ಕೊಡೆ ತಾತ, ಬಚ್ಚಲಲ್ಲಿ ಜಾರಿ ಬಿದ್ದು ಆಸ್ಪತ್ರೆ ಸೇರಿದ್ದಾಗ ಸೂತ್ರಣ್ಣ ಪೀಠಿಕೆಯನ್ನು ಮೂಲೆಗೆ ಕರೆದು, "ಅವರು ಚೆನ್ನಾಗಿರ್ಲಿ. ನೂರು ವರ್ಷ ಬಾಳ್ಲಿ. ಆದ್ರೆ ಒಂದು ಬರೆದಿಟ್ಟಿರು," ಎಂದಿದ್ದ. ಪೀಠಿಕೆ ಬರೆದ. ಬರೆಯುತ್ತ ಬರೆಯುತ್ತ ಅವನಿಗೇ ಅಳು ಬಂತು. ಹಿರಿಯರು ಮೂರನೆಯ ದಿನವೇ ಆಸ್ಪತ್ರೆಯವರ ಮೇಲೆ ರೇಗಾಡಿ ಮನೆಗೆ ಬಂದರು. ಬರಹ ಮಾತ್ರ ಸಾಫ್ಟ್‌ವೇರಿನ ಹೊಟ್ಟೆಯಲ್ಲಿ ದಿನ ಎಣಿಸುತ್ತ ಉಳಿಯಿತು.

ಆ ಬೆಳಗ್ಗೆ ಪೀಠಿಕೆ ಅಂಗಿಗೆ ಇಸ್ತ್ರಿ ಹಾಕಿಕೊಳ್ಳುತ್ತಿದ್ದ. ಮಾಮೂಲಿ ದಿನವಲ್ಲ. ವರ್ಷಗಟ್ಟಲೆ ತಾತ್ಕಾಲಿಕ ನೌಕರನಾಗಿ ಸವೆದವನನ್ನು ಕಾಯಂ ಮಾಡುವ ಬಗ್ಗೆ ಸೂತ್ರಣ್ಣ ಇವತ್ತು ಮಾತಾಡುತ್ತೇನೆ ಎಂದಿದ್ದ. ಕಾಯಂ ಆಗದಿದ್ದರೆ ಮಾವನ ಕಬ್ಬಿಣದ ಅಂಗಡಿಯಲ್ಲಿ ಮೊಳೆ ತೂಗಲು ಕೂರಬೇಕೆಂದು ಹೆಂಡತಿಯ ಮನೆಯವರು ತೀರ್ಮಾನಿಸಿ ಆಗಿತ್ತು. ಮೊಳೆಯ ಬಗ್ಗೆ ಪೀಠಿಕೆಗೆ ದ್ವೇಷವಿರಲಿಲ್ಲ. ಮಾವನ ಎದುರು ದಿನವಿಡೀ ಕೂರುವುದನ್ನು ನೆನೆದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು.

"ನೇರವಾಗಿ ಕೇಳಿ," ಎಂದಳು ಹೆಂಡತಿ, ಕಾಫಿ ಲೋಟ ಮುಂದಿಡುತ್ತ. "ಕಾಯಂ ಮಾಡ್ತೀರೋ ಇಲ್ವೋ. ಅಷ್ಟೇ. ಜೀವನ ಅನ್ನೋದು ಒಂದು ಪಯಣ ಅಂತ ಶುರು ಮಾಡಿದ್ರೋ, ಅವರು ಊಟಕ್ಕೆ ಎದ್ದು ಹೋಗ್ತಾರೆ."

"ನೋಡು, ಯಾವುದೇ ಸಂಭಾಷಣೆಗೂ ಒಂದು..."

"ಇದೇ. ಇದೇ ಬೇಡ ಅಂದಿದ್ದು."

ಅಷ್ಟರಲ್ಲಿ ಮನೆ ಓನರಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಫೋನು, ಕಣ್ಣಲ್ಲಿ ನೀರು, ಮೂಗು ಕೆಂಪು. ಬಾಡಿಗೆಯ ವಿಷಯ ಬಿಟ್ಟು ಬೇರೆ ಯಾವುದಕ್ಕೂ ಆ ಬಾಗಿಲಿಗೆ ಅವರು ಬಂದದ್ದಿಲ್ಲ.

"ನಿಮ್ಮ ಕೊಡೆ ತಾತ ಹೋಗ್ಬಿಟ್ರಂತಲ್ಲಪ್ಪಾ!"

ಪ್ರತಿ ಕೊಡೆಯ ಹಿಡಿಯ ಮೇಲೂ ಅಚ್ಚಾಗಿರುವ ಆ ಬೊಕ್ಕ ಬಾಯಿಯ ನಗು ಪೀಠಿಕೆಯ ಕಣ್ಣಮುಂದೆ ಬಂತು. ಇಷ್ಟು ವರ್ಷ ಆ ಮುದುಕರ ಬಾಯಲ್ಲಿ ತಾನೇ ಮಾತು ತುರುಕಿದ್ದ. ಅವನಿಗೆ ನಿಜವಾಗಿಯೂ ಸಂಕಟವಾಯಿತು.

"ಅಯ್ಯೋ! ಯಾವಾಗ? ಯಾರು ಹೇಳಿದ್ರು?"

"ಯಾರು ಹೇಳಿದ್ರು ಅಂದ್ರೆ? ನೀವೇ ತಾನೇ ಬರ್ದಿರೋದು!" ಎಂದು ಓನರಮ್ಮ ಫೋನನ್ನು ಮೂಗಿನ ಹತ್ತಿರ ಹಿಡಿದು ಓದತೊಡಗಿದರು. "'ನಿಮ್ಮ ತಲೆಯ ಮೇಲಿನ ನೆರಳನ್ನು ನೀವು ಎಂದಾದರೂ ತಲೆಯೆತ್ತಿ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಅದು ಸರಿದಾಗಲೇ ಬಿಸಿಲು ಗೊತ್ತಾಗುವುದು. ಸದ್ದಿಲ್ಲದೆ ದುಡಿದ ಒಂದು ಜೀವ ಇಂದು ನಮ್ಮನ್ನು ಅಗಲಿದೆ...' ಅಬ್ಬಾ! ನಮ್ಮೆಜಮಾನ್ರು ಹೋದಾಗ್ಲೂ ನಾನು ಇಷ್ಟು ಅತ್ತಿರ್ಲಿಲ್ಲ ಕಣಪ್ಪಾ."

ಒಂದು ಕ್ಷಣ, ಒಂದೇ ಕ್ಷಣ, ಪೀಠಿಕೆಗೆ ಖುಷಿಯಾಯಿತು. ತನ್ನ ಬರಹ ಓದಿ ಯಾರಾದರೂ ಅತ್ತದ್ದು ಇದೇ ಮೊದಲು. ಮರುಕ್ಷಣ ಮಿದುಳು ದಿನಾಂಕಕ್ಕೆ ತಲುಪಿತು, ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೆಯೇ ನಿಂತಿತು, ಬೆನ್ನ ಮೇಲೆ ದೊಡ್ಡದೊಂದು ಕಂದು ತ್ರಿಕೋನ ಮೂಡಿತು. ಆ ತ್ರಿಕೋನವನ್ನೇ ಹೊದ್ದುಕೊಂಡು ಅವನು ಬೀದಿಗೆ ಓಡಿದ.

ಓಡುತ್ತಲೇ ಸೂತ್ರಣ್ಣನಿಗೆ ಫೋನು ಹಚ್ಚಿದ. ಬಿಟ್ಟ ಬರಹವನ್ನು ಅಳಿಸುವ ಅಧಿಕಾರ ಅವನೊಬ್ಬನಿಗೇ ಇತ್ತು.

"ಸರ್, ಮನುಷ್ಯ ತಪ್ಪು ಮಾಡೋದು ಸಹಜ ಅಂತ ನಿಮಗೆ ಎಂದಾದ್ರೂ ಅನ್ಸಿದ್ಯಾ?"

"ಆಫೀಸಿಗೆ ಬಾ, ಬೇಗ ಬಾ," ಎಂದು ಸೂತ್ರಣ್ಣ ಗದ್ಗದ ಕಂಠದಲ್ಲಿ ಹೇಳಿ ಫೋನಿಟ್ಟ. ಆ ಕಂಠ ಕೇಳಿಯೇ ಪೀಠಿಕೆ ಮಾವನ ಅಂಗಡಿಯ ತಕ್ಕಡಿಯನ್ನು ನೆನೆದುಕೊಂಡ.

ಆಫೀಸಿನಲ್ಲಿ ಬೇರೆಯೇ ನಾಟಕ ನಡೆದಿತ್ತು. ಎಲ್ಲರೂ ಒಂದೇ ಪರದೆಯ ಸುತ್ತ ನಿಂತಿದ್ದರು. ಚಿತ್ರ ಬಿಡಿಸುವ ಹುಡುಗಿ ಬಿಕ್ಕುತ್ತಿದ್ದಳು, ಬಿಕ್ಕುತ್ತಲೇ ಓದಿದವರ ಸಂಖ್ಯೆ ಏರುವುದನ್ನು ಕೂಗಿ ಹೇಳುತ್ತಿದ್ದಳು. ಪೀಠಿಕೆ ಒಳಗೆ ಕಾಲಿಟ್ಟದ್ದೇ ತಡ, ಸೂತ್ರಣ್ಣ ಓಡಿಬಂದು ತಬ್ಬಿಕೊಂಡ.

"ಎಂಥಾ ಚುರುಕಯ್ಯಾ ನೀನು! ಪೇಪರ್‌ನೋರಿಗೆ ಇನ್ನೂ ಗೊತ್ತಿಲ್ಲ. ಟಿವಿಯೋರಿಗೆ ಗೊತ್ತಿಲ್ಲ. ನನಗೇ ಗೊತ್ತಿರ್ಲಿಲ್ಲ! ನೀನು ಹೊತ್ತಿಗ್ ಮುಂಚೆ ಹಾಕಿಬಿಟ್ಟಿದ್ದೀಯ! ಎಷ್ಟೊತ್ತಿಗೆ ಹೋದ್ರು ಪಾಪ?"

ತಾತ ನಿಜವಾಗಿಯೂ ಹೋಗಿದ್ದಾರೆಂದು ಯಜಮಾನನೇ ನಂಬಿಬಿಟ್ಟಿದ್ದಾನೆ!

"ಸರ್, ಸಾವು ಅಂದ್ರೆ ಏನು ಅಂತ ನಾವು ಯಾವತ್ತಾದ್ರೂ..."

"ಆಹಾ! ಮುಂದಿನ ಬರಹದ ಮೊದಲ ಸಾಲು ಸಿಕ್ತು, ಬರ್ಕೊಳ್ಳಮ್ಮ!" ಎಂದು ಸೂತ್ರಣ್ಣ ಚಿತ್ರದ ಹುಡುಗಿಗೆ ಹೇಳಿ, ಪೀಠಿಕೆಯ ಎರಡೂ ಭುಜ ಹಿಡಿದುಕೊಂಡ. "ಕೇಳು. ಇವತ್ತಿಂದ ನೀನು ಕಾಯಂ. ಇನ್ನೇನೂ ಮಾತೇ ಬೇಡ. ಎಲ್ಲರ ಮುಂದೆ ಹೇಳ್ತಾ ಇದ್ದೀನಿ, ಕಾಯಂ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಸತ್ತವರಿದ್ದಾರೆಂದು ನೆನಪಾಗಿ ನಿಲ್ಲಿಸಿದರು.

ಪೀಠಿಕೆಯ ಸ್ಥಿತಿ ಯಾರಿಗೂ ಬೇಡ. ಕಾಯಂ ಎಂಬ ಮಾತು ಕಿವಿಗೆ ಬಿದ್ದಾಗಿದೆ. ಬಾಯಿ ಬಿಟ್ಟರೆ ಹೋಗುತ್ತದೆ, ಬಿಡದಿದ್ದರೆ ಆ ಮುದುಕರು ಬದುಕಿರುವುದು ಹೇಗೂ ಗೊತ್ತಾಗುತ್ತದೆ. ಛೇ, ಇಷ್ಟು ಗಟ್ಟಿ ಯಾಕೆ ಇದ್ದಾರೆ ಇವರು ಎಂಬ ಯೋಚನೆಯೊಂದು ಸುಳಿದು, ಅವನು ತನಗೆ ತಾನೇ ಬೆಚ್ಚಿಬಿದ್ದ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಹಾಳು ಅಭ್ಯಾಸ, ಮೊದಲು ಒಂದು ಒಳ್ಳೆಯ ಸಾಲು ಹುಡುಕತೊಡಗಿದ. ಸಾಲು ಸಿಗುವಷ್ಟರಲ್ಲಿ ಆಳೆತ್ತರದ ಹೂಚಕ್ರ ಬಂದಾಗಿತ್ತು. ಅದನ್ನು ಕಾರಿನ ಮೇಲೆ ಕಟ್ಟಿ, ಪೀಠಿಕೆಯನ್ನು ಒಳಗೆ ತಳ್ಳಿ, ಸೂತ್ರಣ್ಣ ಹೊರಡಿಸಿಯೂ ಬಿಟ್ಟ.

ದಾರಿಯಲ್ಲಿ ಕೊಡೆ ಅಂಗಡಿ ಸಿಕ್ಕಿತು. ಅದರ ಮುಂದೆ ಬೀದಿಯ ತಿರುವಿನವರೆಗೂ ಜನ ಸಾಲುಗಟ್ಟಿದ್ದರು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಆದರೂ ಅಂಗಡಿಯಿಂದ ಹೊರಬಂದವರೆಲ್ಲ ಕಣ್ಣೊರೆಸಿಕೊಳ್ಳುತ್ತ ಕೈತುಂಬ ಕೊಡೆ ಹಿಡಿದುಕೊಂಡಿದ್ದರು.

"ನೋಡು, ಪ್ರೀತಿ ಅಂದ್ರೆ ಇದು!" ಎಂದ ಸೂತ್ರಣ್ಣ.

ಪೀಠಿಕೆಗೆ ಆಗ ಬರಹದ ಕೊನೆಯ ಸಾಲು ನೆನಪಾಯಿತು. ಶ್ರದ್ಧಾಂಜಲಿಗೂ ಅವನು ಸೂತ್ರ ಬಿಟ್ಟಿರಲಿಲ್ಲ.

ತಾತನ ಮನೆಯ ಮುಂದೆ ಆಗಲೇ ಒಂದು ಹಿಂಡು ಜನ ಮುಖ ಸಣ್ಣಗೆ ಮಾಡಿಕೊಂಡು ನಿಂತಿತ್ತು. ಗೇಟಿನ ಹತ್ತಿರ ಒಬ್ಬರು ಕೈ ಬೀಸಿ ಬೀಸಿ ಅವರನ್ನು ವಿಚಾರಿಸುತ್ತಿದ್ದರು. ಸೂತ್ರಣ್ಣ ಹೂಚಕ್ರವನ್ನು ಹೆಗಲ ಮೇಲಿಟ್ಟುಕೊಂಡು, ತಲೆ ತಗ್ಗಿಸಿ, ಅವರ ಬಳಿಗೇ ಹೋಗಿ ಪಿಸುಗುಟ್ಟಿದ.

"ಎಲ್ಲಿ ಮಲಗಿಸಿದ್ದೀರಿ?"

"ಯಾರನ್ನ?" ಎಂದರು ಕೊಡೆ ತಾತ.

ಸೂತ್ರಣ್ಣ ತಲೆಯೆತ್ತಿ ನೋಡಿದ. ಬೊಕ್ಕ ಬಾಯಿ, ಅದೇ ಮೂಗು, ಅದೇ ಹುಬ್ಬು. ಹೂಚಕ್ರ ಹೆಗಲಿನಿಂದ ಜಾರಿ, ಸ್ವಲ್ಪ ದೂರ ಉರುಳಿ, ಚರಂಡಿಯ ಪಕ್ಕ ಒರಗಿತು. ಗೋಡೆ ತುಂಬ ಇದ್ದ ಸೂತ್ರಗಳಲ್ಲಿ ಒಂದೂ ಆ ಹೊತ್ತಿಗೆ ಒದಗಲಿಲ್ಲ.

"ಬೆಳಗಿನಿಂದ ನೋಡ್ತಾ ಇದ್ದೀನಿ," ಎಂದರು ತಾತ. "ಬರೋರೆಲ್ಲ ನನ್ನ ಮುಖ ನೋಡಿ ಕಿರುಚ್ಕೊಂಡು ಹಿಂದಕ್ಕೆ ಓಡ್ತಾರೆ. ಹಾಲಿನೋನು ಪಾತ್ರೆ ಬಿಟ್ಟು ಓಡಿದ. ಏನಾಗಿದೆ ಇವತ್ತು?"

ತಾತನ ಸೊಸೆ ಫೋನು ಹಿಡಿದುಕೊಂಡು ಹೊರಗೆ ಬಂದಳು. ಅವಳ ಮುಖ ಬಿಳಿಚಿತ್ತು. "ಮಾವಾ, ಸಿಕ್ತು. ನಮ್ಮ ಕಂಪನಿ ಪೇಜಲ್ಲೇ ಹಾಕಿದ್ದಾರೆ. ನೀವು... ನೀವು ಹೋಗ್ಬಿಟ್ಟಿದ್ದೀರಂತೆ."

"ಓದು," ಎಂದರು ತಾತ, ಗೇಟಿನ ಕಟ್ಟೆಯ ಮೇಲೆ ಕೂರುತ್ತ.

ಅವಳು ಓದಿದಳು. ತಾತ ಕಣ್ಣು ಮುಚ್ಚಿ ಕೇಳಿದರು. ಸದ್ದಿಲ್ಲದೆ ದುಡಿದ ಜೀವ ಎಂಬಲ್ಲಿ ತಲೆದೂಗಿದರು. ಬಿಚ್ಚಿಕೊಂಡಿದ್ದ ಕೊಡೆಯೊಂದು ಇಂದು ಮಡಚಿಕೊಂಡಿತು ಎಂಬಲ್ಲಿ ಮೂಗು ಒರೆಸಿಕೊಂಡರು. ಕೊನೆಕೊನೆಗೆ ಅವರೂ ಅಳತೊಡಗಿದರು. "ಚೆನ್ನಾಗಿ ಬರ್ದಿದ್ದಾನೆ ಕಣಮ್ಮಾ. ಎಂಥಾ ಮನುಷ್ಯ ಹೋಗ್ಬಿಟ್ಟ!" ಸುತ್ತಲಿನವರೂ ಹೌದು ಹೌದು ಎಂದು ಕಣ್ಣೊರೆಸಿಕೊಂಡರು. ಸದ್ಯ, ಪಾರಾದೆನಲ್ಲ ಎಂದು ಪೀಠಿಕೆ ಉಸಿರು ಬಿಡುವಷ್ಟರಲ್ಲಿ ಸೊಸೆ ಕೊನೆಯ ಸಾಲಿಗೆ ಬಂದಿದ್ದಳು.

"'ಈ ಅಗಲಿಕೆಯ ನೆನಪಿಗಾಗಿ, ಒಂದು ಕೊಡೆ ಕೊಂಡವರಿಗೆ ಇನ್ನೊಂದು ಉಚಿತ. ಈ ಅವಕಾಶ ಇಂದು ಮಾತ್ರ. ಇಂದೇ ಬನ್ನಿ.'"

"ಏನು?" ತಾತ ಕಟ್ಟೆಯಿಂದ ಎದ್ದರು. "ಉಚಿತಾನಾ?"

ಸತ್ತಿದ್ದೀರಿ ಎಂದಾಗ ಇಲ್ಲದ ಬಣ್ಣ ಈಗ ಅವರ ಮುಖದಲ್ಲಿ ಆಡತೊಡಗಿತು. ಎದೆ ಹಿಡಿದುಕೊಂಡರು. ಸೊಸೆ ಹೋಗಿ ಅವರನ್ನು ಹಿಡಿದುಕೊಂಡಳು. ಬರಹ ಎಲ್ಲಿ ನಿಜವಾಗಿಬಿಡುತ್ತದೋ ಎಂದು ಪೀಠಿಕೆ ನಡುಗಿಹೋದ.

"ಯಾರು? ಯಾರು ಮಾಡಿದ್ದು ಇದನ್ನ?"

ಸೂತ್ರಣ್ಣ ಪೀಠಿಕೆಯತ್ತ ತಿರುಗಿದ. ಅವನ ಕಣ್ಣಲ್ಲಿ ಬೆಳಗಿನ ಗದ್ಗದ ಇರಲಿಲ್ಲ. "ನೀನು ಹಾಕಿದ್ದು ಗೊತ್ತಿದ್ದು ತಾನೇ? ಖಾತ್ರಿ ಮಾಡ್ಕೊಂಡು ತಾನೇ?"

ಆಗ ಪೀಠಿಕೆ ಜೀವನದಲ್ಲಿ ಮೊದಲ ಸಲ ಪೀಠಿಕೆಯಿಲ್ಲದೆ ಮಾತಾಡಿದ. ತಾತನ ಮುಂದೆ ಹೋಗಿ ನಿಂತು, ಕಣ್ಣು ಮುಚ್ಚಿಕೊಂಡು, ಗಟ್ಟಿಯಾಗಿ ಹೇಳಿಬಿಟ್ಟ.

"ತಾತಾ, ನಾನೇ ನಿಮ್ಮನ್ನ ಸಾಯ್ಸಿದ್ದು!"

ಗುಂಪಿನಲ್ಲಿ ಯಾರೋ ಪೊಲೀಸ್ ಎಂದು ಕೂಗಿದರು. ಇಬ್ಬರು ಅವನ ತೋಳು ಹಿಡಿದುಕೊಂಡರು. ತಾತ ಬದುಕಿ ಎದುರಿಗೇ ನಿಂತಿದ್ದಾರೆಂಬುದು ಹಿಡಿದವರಿಗೆ ಹೊಳೆಯಲು ಸ್ವಲ್ಪ ಸಮಯ ಬೇಕಾಯಿತು. ಬೆನ್ನ ಮೇಲಿನ ಸುಟ್ಟ ತ್ರಿಕೋನ ನೋಡಿ, ಇವನು ಬೆಂಕಿಯನ್ನೂ ಹಚ್ಚಿ ಬಂದಿದ್ದಾನೆ ಎಂದು ಒಬ್ಬಾಕೆ ಸಾಕ್ಷಿ ಹೇಳಲು ಮುಂದೆ ಬಂದಳು. ಅವಳನ್ನು ಸಮಾಧಾನ ಮಾಡಿ, ದಿನಾಂಕದ ಕತೆಯನ್ನೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಪೀಠಿಕೆಯ ಗಂಟಲು ಒಣಗಿತ್ತು.

ತಾತ ಎಲ್ಲವನ್ನೂ ಕೇಳಿಸಿಕೊಂಡರು. ಕೊಡೆ ಮಾರಿ ದೊಡ್ಡವರಾದವರು, ಗಾಳಿ ಎತ್ತಲಿಂದ ಬರುತ್ತದೆ ಎಂದು ಮೊದಲು ನೋಡುವ ಜನ.

"ನೋಡ್ರಪ್ಪಾ," ಎಂದರು ಸೂತ್ರಣ್ಣನಿಗೆ. "ನಾನು ಬದುಕಿದ್ದೀನಿ ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗ್ಬೇಕು. ಆದ್ರೆ ನನ್ನ ಕಂಪನಿ ಸುಳ್ಳು ಹೇಳ್ತು ಅಂತ ಆಗ್ಕೂಡ್ದು. ಸಾವಿನ ಬಗ್ಗೆನೇ ಸುಳ್ಳು ಹೇಳೋರು ಕೊಡೆ ಬಟ್ಟೆ ಬಗ್ಗೆ ನಿಜ ಹೇಳ್ತಾರಾ ಅಂತಾರೆ ಜನ. ಅತ್ತವರಿಗೆ ಅವಮಾನನೂ ಆಗ್ಬಾರ್ದು. ಅತ್ಕೊಂಡು ಕೊಂಡಿದ್ದನ್ನ ನಗ್ತಾ ವಾಪಸ್ ತಂದ್ಕೊಡ್ತಾರೆ. ಹೇಗೆ ಮಾಡ್ತೀರೋ ನಿಮಗೆ ಬಿಟ್ಟಿದ್ದು. ಆಗ್ಲಿಲ್ಲ ಅಂದ್ರೆ ನಾಳೆಯಿಂದ ನಿಮ್ಮ ನಮ್ಮ ಸಂಬಂಧ ಮುಗೀತು."

ಕೊಡೆ ಕಂಪನಿ ಹೋದರೆ ಆಫೀಸಿನ ಅರ್ಧ ಮೇಜುಗಳು ಖಾಲಿಯಾಗುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಸೂತ್ರಣ್ಣ ಕಾರಿನ ಹತ್ತಿರ ನಿಂತು ಬರಹವನ್ನು ಮತ್ತೆ ಮತ್ತೆ ಓದಿದ. ಅವನ ತುಟಿ ಅಲ್ಲಾಡುತ್ತಿತ್ತು. ಒಮ್ಮೆ ಓದುವುದು, ಒಮ್ಮೆ ಪೀಠಿಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡುವುದು, ಮತ್ತೆ ಓದುವುದು. ದರ್ಜಿಯೊಬ್ಬ ಅಳತೆ ತೆಗೆಯುವಂತಿತ್ತು ಆ ನೋಟ.

"ಇದ್ರಲ್ಲಿ ತಾತನ ಹೆಸರೇ ಇಲ್ವಲ್ಲಯ್ಯಾ," ಎಂದ ಕೊನೆಗೆ.

"ನಿಮ್ಮ ಸೂತ್ರನೇ ಸರ್. ಹೆಸರು ಹೇಳಬೇಡಿ, ಓದುಗ ತನ್ನವರನ್ನೇ..."

"ಗೊತ್ತು, ಗೊತ್ತು. ಫೋಟೋ ಒಂದೇ ತಾತಂದು." ಸೂತ್ರಣ್ಣನ ಮುಖಕ್ಕೆ ಕಳೆ ಬಂತು. "ನೀನು ಮನೆಗೆ ಹೋಗು. ಫೋನ್ ಆಫ್ ಮಾಡ್ಕೋ. ಯಾರ ಹತ್ರನೂ ಮಾತಾಡ್ಬೇಡ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಮತ್ತೆ ಸರ್... ಆ ಕಾಯಂ..."

"ಅದು ನಿನಗೆ ಮನೇಲೇ ಗೊತ್ತಾಗುತ್ತೆ."

ಕಾಯಂ ಮಾತನ್ನು ಅವನು ತಳ್ಳಿಹಾಕಲಿಲ್ಲವಲ್ಲ! ಪೀಠಿಕೆಯ ಎದೆಯಲ್ಲಿ ಆಸೆಯ ಎಳೆಯೊಂದು ಉಳಿಯಿತು. ಹೇಳಿದಂತೆ ಫೋನು ಆಫ್ ಮಾಡಿದ. ನೇರ ಮನೆಗೆ ಹೋಗಲು ಧೈರ್ಯ ಬರದೆ ಒಂದು ಉದ್ಯಾನದ ಬೆಂಚಿನ ಮೇಲೆ ಬಿಸಿಲು ಇಳಿಯುವವರೆಗೂ ಕುಳಿತ. ಹೆಂಡತಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಎಲ್ಲ ಕರಡೂ ಪ್ರಶ್ನೆಯಿಂದಲೇ ಶುರುವಾಗುತ್ತಿದ್ದವು.

ಸಂಜೆಯ ಬಸ್ಸಿನಲ್ಲಿ ಪಕ್ಕದ ಸೀಟಿನವನು ಫೋನು ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದ. ಇನ್ನೂ ತಾತನಿಗಾಗಿ ಅಳುತ್ತಿದ್ದಾನೆ ಪಾಪ ಎಂದುಕೊಂಡು ಪೀಠಿಕೆ ಸಮಾಧಾನದ ನಗೆ ನಕ್ಕ. ಆತ ಒಮ್ಮೆ ಪೀಠಿಕೆಯ ಮುಖ ನೋಡಿದ, ಒಮ್ಮೆ ಫೋನು ನೋಡಿದ, ಮತ್ತೊಮ್ಮೆ ಮುಖ ನೋಡಿದ. ಆಮೇಲೆ ಎದ್ದು, ಮುಂದಿನ ನಿಲ್ದಾಣ ಬರುವ ಮೊದಲೇ ಬಾಗಿಲಿನ ಕಂಬಿ ಹಿಡಿದುಕೊಂಡು ನಿಂತ. ಬಸ್ಸು ಪೂರ್ತಿ ನಿಲ್ಲುವುದಕ್ಕೂ ಕಾಯಲಿಲ್ಲ.

ಬೀದಿಗೆ ಬಂದರೆ ದಿನಸಿ ಅಂಗಡಿಯವನು ಅರ್ಧ ಬಾಗಿಲು ಎಳೆದುಕೊಂಡಿದ್ದ. ಪೀಠಿಕೆಯನ್ನು ಕಂಡವನೇ ಉಳಿದರ್ಧವನ್ನೂ ದಢಾರನೆ ಎಳೆದುಕೊಂಡ, ತಾನು ಒಳಗೇ ಉಳಿದ. ಮನೆಯ ಮುಂದೆ ಕುರ್ಚಿಗಳ ಸಾಲು. ಕುರ್ಚಿಗಳ ಮೇಲೆ ಅಕ್ಕಪಕ್ಕದವರು. ಗೋಡೆಗೆ ಒರಗಿಸಿದ ಒಂದು ಭಾರೀ ಹೂಚಕ್ರ, ಅದರ ಒಂದು ಪಕ್ಕದಲ್ಲಿ ಚರಂಡಿಯ ಕೆಸರಿನ ಗುರುತು. ಮಾವ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಹೆಂಡತಿಗೆ ಏನೋ ಆಗಿದೆ! ಫೋನು ಆಫ್ ಮಾಡಿದ ತನ್ನ ಬುದ್ಧಿಗಿಷ್ಟು!

"ಏನಾಯ್ತು? ಅವಳೆಲ್ಲಿ?" ಎಂದು ಅರಚುತ್ತ ಓಡಿದ.

ಮೊದಲು ನೋಡಿದವರು ಓನರಮ್ಮ. ಅವರ ಕೈಯಲ್ಲಿದ್ದ ಕಾಫಿ ತಟ್ಟೆ ಪೂರ್ತಿಯಾಗಿ ಮಾವನ ಮಡಿಲಿಗೆ ಬಿತ್ತು. ಬಿಸಿ ಕಾಫಿಗೆ ಹಾರಿದನೋ ಅಳಿಯನನ್ನು ಕಂಡು ಹಾರಿದನೋ, ಮಾವ ಕುರ್ಚಿಯ ಮೇಲೆ ಹತ್ತಿ ನಿಂತ. ಅರ್ಧ ಜನ ಗೇಟಿನತ್ತ ಓಡಿದರು. ಉಳಿದರ್ಧಕ್ಕೆ ಓಡಲು ಕಾಲೇ ಬರಲಿಲ್ಲ. ಆಗ ಒಳಗಿನಿಂದ ಹೆಂಡತಿ ಬಂದಳು. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಈಗ ಬಂದ್ರಾ? ಹಿಂದಿನ ಬಾಗಿಲಿಂದ ಬರಬಾರದಿತ್ತಾ? ಸತ್ತವರು ಹೀಗಾ ಬೀದೀಲಿ ಕೂಗಾಡ್ಕೊಂಡು ಬರೋದು?"

"ಯಾರು ಸತ್ತದ್ದು?"

"ನೀವೇ!"

ಪೀಠಿಕೆ ತನ್ನ ಕೈಯನ್ನು ತಾನೇ ಮುಟ್ಟಿ ನೋಡಿಕೊಂಡ. ಬೆಚ್ಚಗಿತ್ತು.

ಹೆಂಡತಿ ಅವನನ್ನು ಒಳಗೆಳೆದು ಕೂರಿಸಿ, ಓನರಮ್ಮನನ್ನೂ ಅಪ್ಪನನ್ನೂ ಒಳಗೆ ಕರೆದು ಬಾಗಿಲು ಹಾಕಿದಳು. "ಅಮ್ಮಾ, ಹೆದರ್ಬೇಡಿ. ಇವರು ಆಫೀಸಿನ ಲೆಕ್ಕದಲ್ಲಿ ಹೋಗಿದ್ದಾರೆ, ಮನೆ ಲೆಕ್ಕದಲ್ಲಿ ಇದ್ದಾರೆ," ಎಂದು ಬಿಡಿಸಿ ಹೇಳಿ, ತನ್ನ ಫೋನನ್ನು ಗಂಡನ ಕೈಗಿಟ್ಟಳು.

ಪರದೆಯ ತುಂಬ ಪೀಠಿಕೆಯದೇ ಫೋಟೋ. ಆಫೀಸಿನ ಗುರುತಿನ ಚೀಟಿಯದು, ಸೀನು ಬರುವ ಮುಂಚಿನ ಮುಖ. ಕೆಳಗೆ ಸೂತ್ರಣ್ಣನ ಬರಹ. 'ಬೆಳಗ್ಗೆ ನಮ್ಮೊಡನೆ ಕಣ್ಣೀರಿಟ್ಟ ಬಂಧುಗಳೇ, ನಿಮ್ಮ ಒಂದು ಹನಿಯೂ ವ್ಯರ್ಥವಾಗಿಲ್ಲ. ಸಾವು ನಿಜ, ಚಿತ್ರ ಮಾತ್ರ ತಪ್ಪು. ಕೊಡೆ ತಾತ ಗಟ್ಟಿಮುಟ್ಟಾಗಿದ್ದಾರೆ. ಸದ್ದಿಲ್ಲದೆ ದುಡಿದು ನಮ್ಮನ್ನು ಅಗಲಿದ ಆ ಜೀವ, ತೆರೆಮರೆಯಲ್ಲಿ ಕುಳಿತು ತಾತನ ಮಾತುಗಳನ್ನು ನಿಮಗೆ ತಲುಪಿಸುತ್ತಿದ್ದ ನಮ್ಮ ಬರಹಗಾರ.' ಅದರ ಕೆಳಗೆ ತಾತ ಕೊಡೆ ಹಿಡಿದು ನಿಂತು ಬಿಕ್ಕಿಬಿಕ್ಕಿ ಅಳುತ್ತಿರುವ ಹೊಸ ಚಿತ್ರ. ವಿಷಯ ಗೊತ್ತಿದ್ದೂ ತಾತ ನಿಜವಾಗಿಯೇ ಅತ್ತರಂತೆ. ಬರಹ ಅಷ್ಟು ಚೆನ್ನಾಗಿತ್ತಲ್ಲ.

"ಒಂದು ಕೊಡೆನೂ ವಾಪಸ್ ಬಂದಿಲ್ವಂತೆ," ಎಂದಳು ಹೆಂಡತಿ. "ಜನ ಎರಡನೇ ಸಲ ಕ್ಯೂ ನಿಂತಿದ್ದಾರಂತೆ."

"ಅವರು ಹೇಗೆ... ನನ್ನ ಕೇಳ್ದೆ... ನಾನು ಬದುಕಿರೋವಾಗ..." ಪೀಠಿಕೆ ಎದ್ದು ನಿಂತ. "ಈಗ್ಲೇ ಹೋಗಿ ಕೇಳ್ತೀನಿ! ಕಾಯಂ ಅಂತ ಎಲ್ಲರ ಮುಂದೆ ಹೇಳಿದ್ರು. ಚಪ್ಪಾಳೆ ಕೂಡ ತಟ್ಟಿದ್ರು!"

"ಕೂತ್ಕೊಳ್ಳಿ. ಸತ್ತವರನ್ನ ಕಾಯಂ ಮಾಡೋ ಕಂಪನಿ ಎಲ್ಲಾದ್ರೂ ಇದೆಯಾ?"

"ಹಾಗಾದ್ರೆ ಕಾಯಂ ಕೆಲಸ ಹೋಯ್ತಾ?"

"ಹೋಗಿಲ್ಲ. ಬಂದಿದೆ." ಹೆಂಡತಿ ಫೋನಿನ ಪರದೆಯನ್ನು ಕೆಳಕ್ಕೆ ಜಾರಿಸಿ ತೋರಿಸಿದಳು. ಸಾವಿರಾರು ಜನ ಬರೆದಿದ್ದರು. ಎಲ್ಲರದೂ ಒಂದೇ ಪ್ರಶ್ನೆ. ಆ ಬಡಪಾಯಿಯ ಹೆಂಡತಿಗೆ ನಿಮ್ಮ ಕಂಪನಿ ಏನು ಮಾಡಿದೆ? ಉತ್ತರ ಕೊಡದಿದ್ದರೆ ಕೊಡೆ ಸುಡುತ್ತೇವೆ ಎಂದು ಕೆಲವರು ಹೆದರಿಸಿಯೂ ಇದ್ದರು. "ನಿಮ್ಮ ಸೂತ್ರಣ್ಣ ಗಾಬರಿ ಬಿದ್ದು ನನಗೆ ಫೋನ್ ಮಾಡಿದ್ರು. ನಡೆದದ್ದೆಲ್ಲ ಹೇಳಿ, ಅನುಕಂಪದ ಮೇಲೆ ಕೆಲಸ ಕೊಡ್ತೀವಿ, ದಯವಿಟ್ಟು ಬನ್ನಿ ಅಂದ್ರು. ನಾನು ಒಂದೇ ಮಾತು ಕೇಳ್ದೆ, ಕಾಯಂನಾ ಅಂತ. ಹೂಂ ಅಂದ್ರು. ನೋಡಿ, ನೇರವಾಗಿ ಕೇಳಿದ್ರೆ ಎಷ್ಟು ಸಲೀಸು!"

ಮಾವ ತೊಯ್ದ ಪಂಚೆಯನ್ನು ಕೊಡವಿಕೊಳ್ಳುತ್ತ ಮಗಳ ಬೆನ್ನು ತಟ್ಟಿದ. ಓನರಮ್ಮ ದೀರ್ಘವಾಗಿ ಉಸಿರೆಳೆದು, "ಏನೇ ಅನ್ನು, ಹೋದ್ಮೇಲಾದ್ರೂ ಮನೆಗೊಂದು ಕಾಯಂ ಕೆಲಸ ತಂದ್ಕೊಟ್ಟ ಪುಣ್ಯಾತ್ಮ," ಎಂದು ಅವನ ಎದುರಿಗೇ ಕಣ್ಣೊರೆಸಿಕೊಂಡರು.

"ಮತ್ತೆ ನಾನು?" ಎಂದ ಪೀಠಿಕೆ. ಅವನ ದನಿ ಅವನಿಗೇ ಕೇಳಲಿಲ್ಲ.

"ನೀವು ಇಲ್ಲೇ ಒಳಗೆ ಕೂತು ಬರೀರಿ, ನಾನು ತಗೊಂಡು ಹೋಗಿ ಕೊಡ್ತೀನಿ. ಹಗಲು ಹೊತ್ತು ಕಿಟಕಿ ಹತ್ರ ಮಾತ್ರ ನಿಲ್ಬೇಡಿ." ಹೆಂಡತಿ ಕಾಗದ ಪೆನ್ನು ತಂದು ಅವನ ಮುಂದಿಟ್ಟಳು. "ಬೇಗ ಶುರು ಮಾಡಿ. ನಾಳೆ ಬೆಳಿಗ್ಗೆ ನಾನು ಮೊದಲ ಬರಹ ಕೊಡ್ಬೇಕಂತೆ. 'ನನ್ನವರು, ಹೆಂಡತಿಯ ಕಣ್ಣಲ್ಲಿ' ಅಂತ. ನಿಮ್ಮ ಬಗ್ಗೆ ಒಳ್ಳೇದೇನಾದ್ರೂ ನಿಮಗೆ ಹೊಳೆದ್ರೆ ಹಾಕಿ. ಮಧ್ಯಾಹ್ನದಿಂದ ಯೋಚ್ನೆ ಮಾಡ್ತಾ ಇದ್ದೀನಿ, ನನಗಂತೂ ಒಂದೂ ಹೊಳೀತಾ ಇಲ್ಲ."